ನಾವು ಸೋಲಿಸಿದವರೇ ಗೆಲ್ಲಲಿ ಅಂತ ಹಾರೈಸುವ ಆಟ: ಮ್ಯಾಸಿಲನ್ ತಂಡ ಮತ್ತು ಒಹಾಯೋದ ಪ್ಲೇಆಫ್ ಲೆಕ್ಕ

ಏಳು–ಎರಡು. ಕೇಳಿದರೆ ಹಾಕಿ ಪಂದ್ಯದ ಸ್ಕೋರ್ ಅನ್ನಿಸುತ್ತದೆ. ಆದರೆ ಇದು ಅಮೆರಿಕನ್ ಫುಟ್‌ಬಾಲ್, ಅದೂ ಹೈಸ್ಕೂಲ್ ಹುಡುಗರದ್ದು. 2023ರ ನವೆಂಬರ್ 30ರ ರಾತ್ರಿ, ಒಹಾಯೋ ರಾಜ್ಯದ ಕ್ಯಾಂಟನ್‌ನಲ್ಲಿ ನಡೆದ ಡಿವಿಷನ್ 2ರ ಫೈನಲ್. ಮ್ಯಾಸಿಲನ್ ಎಂಬ ಊರಿನ ವಾಷಿಂಗ್ಟನ್ ಹೈಸ್ಕೂಲ್ ತಂಡ, ಆಕ್ರನ್ ನಗರದ ಹೋಬನ್ ಶಾಲೆಯನ್ನು 7-2ರಿಂದ ಸೋಲಿಸಿತು. ಒಂದು ಟಚ್‌ಡೌನ್‌ಗೆ, ಅಂದರೆ ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸಿದ್ದಕ್ಕೆ, ಆರು ಪಾಯಿಂಟ್, ಅದಾದ ಮೇಲೆ ಒದೆಯುವ ಕಿಕ್‌ಗೆ ಒಂದು. ಆ ಕಡೆಯವರಿಗೆ ಸಿಕ್ಕಿದ್ದು ಒಂದೇ ಒಂದು ಸೇಫ್ಟಿಯ (ಚೆಂಡು ಹಿಡಿದ ತಂಡದ ಆಟ ಅದರದ್ದೇ ಗೋಲ್ ಗೆರೆಯ ಹಿಂದೆ ನಿಂತರೆ ಎದುರಾಳಿಗೆ ಸಿಗುವುದು) ಎರಡು ಪಾಯಿಂಟ್. ಇಡೀ ಪಂದ್ಯದಲ್ಲಿ ಆಗಿದ್ದು ಇಷ್ಟೇ. ಆ ವರ್ಷ ಮ್ಯಾಸಿಲನ್ ಆಡಿದ 16 ಪಂದ್ಯಗಳನ್ನೂ ಗೆದ್ದಿತು, ಮತ್ತು ಪ್ಲೇಆಫ್ ಪದ್ಧತಿ ಶುರುವಾದ ಮೇಲೆ ಮೊದಲ ಸಲ ರಾಜ್ಯ ಚಾಂಪಿಯನ್ ಆಯಿತು. ಆ ಪದ್ಧತಿ ಶುರುವಾಗಿದ್ದು 1972ರಲ್ಲಿ. ಲೆಕ್ಕ ಹಾಕಿ, 51 ವರ್ಷ. ನಾವು ಆರ್‌ಸಿಬಿ ಅಭಿಮಾನಿಗಳು 18 ಸೀಸನ್ ಕಾದಿದ್ದಕ್ಕೇ ಊರೆಲ್ಲ ಹೇಳಿಕೊಂಡು ತಿರುಗಿದೆವು.

ಆವತ್ತಿನಿಂದ ಎರಡು ವಾದ ನಿಂತೇ ಇಲ್ಲ. ಮ್ಯಾಸಿಲನ್ ನಿಜವಾಗಿ ವಾಪಸ್ ಬಂದಿದೆಯಾ, ಇಲ್ಲ ಒಂದು ಒಳ್ಳೆಯ ವರ್ಷ ಕಂಡಿತಾ ಅನ್ನೋದು ಒಂದು. ಪ್ಲೇಆಫ್ ಪಟ್ಟಿಯಲ್ಲಿ ಒಂದು ತಂಡ ನಿಲ್ಲುವ ಜಾಗ ಆ ತಂಡದ ಶಕ್ತಿಯನ್ನು ತೋರಿಸುತ್ತದಾ, ಇಲ್ಲ ಅದು ಯಾರ ಜೊತೆ ಆಡಿತು ಅನ್ನೋದನ್ನು ಮಾತ್ರ ತೋರಿಸುತ್ತದಾ ಅನ್ನೋದು ಇನ್ನೊಂದು. ಈ ಎರಡನೆಯದು 2025ರಲ್ಲಿ ನಿಯಮ ಬದಲಾದ ಮೇಲೆ ಇನ್ನೂ ಜೋರಾಗಿದೆ. ನನ್ನ ಪ್ರಕಾರ ಇವೆರಡೂ ಒಂದೇ ಜಗಳ. ಹೇಗೆ ಅಂತ ಹೇಳುವುದಕ್ಕೆ ಮುಂಚೆ ಆ ಊರಿನ ಕಥೆ ಸ್ವಲ್ಪ ಬೇಕು.

ಮ್ಯಾಸಿಲನ್ ಈಶಾನ್ಯ ಒಹಾಯೋದ ಉಕ್ಕಿನ ಊರು. ಈಗಿನ ಜನಸಂಖ್ಯೆ ಸುಮಾರು 32,000. ಹೈಸ್ಕೂಲಿನ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಸುಮಾರು 16,600 ಜನ ಕೂರಬಹುದು, ಅಂದರೆ ಊರಿನ ಅರ್ಧ ಜನಕ್ಕೆ ಜಾಗ. ಅಲ್ಲಿ ಗಂಡು ಮಗು ಹುಟ್ಟಿದರೆ ಆಸ್ಪತ್ರೆಯಲ್ಲೇ ತೊಟ್ಟಿಲಿಗೆ ಪುಟ್ಟ ಫುಟ್‌ಬಾಲ್ ಬರುತ್ತದೆ, ತಂಡದ ಬೆಂಬಲಿಗರ ಸಂಘದಿಂದ. ತಂಡದ ಹೆಸರು ಟೈಗರ್ಸ್, ಮೈದಾನದ ಪಕ್ಕ ಜೀವಂತ ಹುಲಿಮರಿಯನ್ನೇ ತಂದು ನಿಲ್ಲಿಸುವ ಪದ್ಧತಿ ಬಹಳ ಕಾಲ ಇತ್ತು. (ಹುಲಿಮರಿ ವಿಷಯ ನನಗೆ ಸ್ವಲ್ಪವೂ ಇಷ್ಟವಾಗಲಿಲ್ಲ, ಆದರೆ ಹುಚ್ಚು ಎಷ್ಟು ಅಂತ ಗೊತ್ತಾಗಲಿ ಅಂತ ಹೇಳಿದೆ.)

ಈ ಹುಚ್ಚಿಗೆ ಅಡಿಪಾಯ ಹಾಕಿದವರು ಪಾಲ್ ಬ್ರೌನ್. ಅದೇ ಶಾಲೆಯ ಹಳೆಯ ವಿದ್ಯಾರ್ಥಿ. 1932ರಿಂದ 1940ರವರೆಗೆ ಒಂಬತ್ತು ಸೀಸನ್ ಕೋಚ್ ಆಗಿದ್ದು 80 ಗೆಲುವು, 8 ಸೋಲು, 2 ಡ್ರಾ ಕಂಡರು. ಆಮೇಲೆ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗಿ ಅದನ್ನು 1942ರಲ್ಲಿ ರಾಷ್ಟ್ರೀಯ ಚಾಂಪಿಯನ್ ಮಾಡಿದರು. ಅದಾದ ಮೇಲೆ ವೃತ್ತಿಪರ ಫುಟ್‌ಬಾಲ್‌ಗೆ ಹೋದರು. ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಅನ್ನೋ ತಂಡದ ಹೆಸರಲ್ಲಿರುವ ಬ್ರೌನ್ ಇವರೇ. ಶಾಲೆಯ ಸ್ಟೇಡಿಯಂಗೂ ಈಗ ಅವರದ್ದೇ ಹೆಸರು.

ಇಲ್ಲೊಂದು ತಿರುವಿದೆ. ಆ ಕಾಲದಲ್ಲಿ ಪ್ಲೇಆಫ್ ಅನ್ನೋದೇ ಇರಲಿಲ್ಲ. ಸೀಸನ್ ಮುಗಿದ ಮೇಲೆ ಪತ್ರಕರ್ತರು ವೋಟು ಹಾಕಿ ಯಾರು ನಂಬರ್ ಒನ್ ಅಂತ ಹೇಳುತ್ತಿದ್ದರು, ಅವರೇ ರಾಜ್ಯ ಚಾಂಪಿಯನ್. ಮ್ಯಾಸಿಲನ್ ಈ ರೀತಿ 24 ಸಲ ಚಾಂಪಿಯನ್ ಅಂತ ಹೇಳಿಕೊಳ್ಳುತ್ತದೆ, ಕೊನೆಯದು 1970ರಲ್ಲಿ. ಎರಡೇ ವರ್ಷಕ್ಕೆ, 1972ರಲ್ಲಿ, ಪ್ಲೇಆಫ್ ಬಂತು. ವೋಟಿನ ಕಾಲದ ರಾಜ, ಮೈದಾನದಲ್ಲಿ ಆಡಿ ತೋರಿಸು ಅಂದಾಗ ತಡವರಿಸಿದ. 1980ರಲ್ಲಿ ಫೈನಲ್‌ಗೆ ಬಂದರು, ಸೋತರು. 1982, ಸೋತರು. 2005, ಸೋತರು. ಅಷ್ಟರಲ್ಲಿ ಪಕ್ಕದ ಊರು ಕ್ಯಾಂಟನ್‌ನ ಮೆಕಿನ್ಲಿ ಹೈಸ್ಕೂಲ್, 1894ರಿಂದ ಇವರ ಬದ್ಧ ಎದುರಾಳಿ, 1981, 1997, 1998 ಹೀಗೆ ಮೂರು ಸಲ ಪ್ಲೇಆಫ್ ಗೆದ್ದು ಬೀಗಿತು. ಉಕ್ಕಿನ ಕೆಲಸ ಕಡಿಮೆಯಾಗುತ್ತಾ ಬಂತು, ಊರಿಗೆ ಹೇಳಿಕೊಳ್ಳೋದಕ್ಕೆ ಉಳಿದಿದ್ದು ಇದೊಂದೇ ಆಟ, ಅದರಲ್ಲೂ ಹಳೆಯ ಕಪ್‌ಗಳನ್ನು ತೋರಿಸಿದರೆ ಪಕ್ಕದೂರಿನವರು "ಅದು ಪೇಪರ್‌ನವರು ಕೊಟ್ಟಿದ್ದು ಬಿಡಿ" ಅಂತ ಅಂದುಬಿಡಬಹುದಾದ ಪರಿಸ್ಥಿತಿ.

2015ರಲ್ಲಿ ನೇಟ್ ಮೂರ್ ಕೋಚ್ ಆಗಿ ಬಂದರು. ಅದರ ಹಿಂದಿನ ವರ್ಷವಷ್ಟೇ ಅವರು ಸಿನ್ಸಿನಾಟಿಯ ಲಾ ಸಾಲ್ ಶಾಲೆಗೆ ರಾಜ್ಯದ ಕಪ್ ಗೆದ್ದುಕೊಟ್ಟಿದ್ದರು. ಇಲ್ಲಿ ಬಂದ ತಕ್ಷಣ ಪವಾಡವೇನೂ ಆಗಲಿಲ್ಲ. ನಾಲ್ಕನೇ ವರ್ಷಕ್ಕೆ, 2018ರಲ್ಲಿ, ಫೈನಲ್. ಎದುರಿಗೆ ಹೋಬನ್. 42-28ರಿಂದ ಸೋಲು. 2019ರಲ್ಲಿ ಮತ್ತೆ ಫೈನಲ್, ಎದುರಿಗೆ ಯಾರು ಗೊತ್ತಾ, ಮೂರ್ ಬಿಟ್ಟುಬಂದ ಲಾ ಸಾಲ್. 34-17ರಿಂದ ಸೋಲು. 2020ರಲ್ಲಿ ಮತ್ತೆ ಫೈನಲ್, ಮತ್ತೆ ಹೋಬನ್, 35-6. ಅಲ್ಲಿಗೆ ಆರು ಫೈನಲ್, ಆರೂ ಸೋಲು.

"2023ರಲ್ಲಿ ಮ್ಯಾಸಿಲನ್ ಎದ್ದು ಬಂತು" ಅಂತ ಬರೆಯುವವರನ್ನು ಕಂಡರೆ ನನಗೆ ತಕರಾರಿರುವುದು ಇದಕ್ಕೇ. ಎದ್ದು ಬಂದಿದ್ದು 2018ರಲ್ಲಿ. ಹೈಸ್ಕೂಲ್ ತಂಡ ಅಂದರೆ ವರ್ಷ ವರ್ಷ ಬದಲಾಗುವ ಸಾಮಾನು. ಇಲ್ಲಿ ಹರಾಜಿಲ್ಲ, ರಿಟೆನ್ಷನ್ ಇಲ್ಲ, ಹನ್ನೆರಡನೇ ತರಗತಿ ಮುಗಿಸಿದ ಹುಡುಗ ಎಷ್ಟೇ ಚೆನ್ನಾಗಿ ಆಡಲಿ ಮನೆಗೆ ಹೋಗಲೇಬೇಕು. ಅಂಥದ್ದರಲ್ಲಿ ಸತತ ಮೂರು ವರ್ಷ ಫೈನಲ್‌ಗೆ ಬರಬೇಕಾದರೆ ಒಂದು ಬ್ಯಾಚ್ ಚೆನ್ನಾಗಿದ್ದರೆ ಸಾಲದು, ಕೆಳಗಿನ ತರಗತಿಗಳಿಂದಲೇ ಹುಡುಗರು ಒಂದೇ ರೀತಿ ತಯಾರಾಗಿ ಬರುತ್ತಿರಬೇಕು. ಕಪ್ ಬಂದಿದ್ದು ಐದು ವರ್ಷ ತಡವಾಗಿ ಅಷ್ಟೇ. ಒಂದು ಸೀಸನ್ನಿನ ಗೆಲುವು-ಸೋಲಿನ ಪಟ್ಟಿ ನೋಡಿ "ಬಂದ್ರು" "ಹೋದ್ರು" ಅನ್ನುವವರು ಈ ಹಿಂದಿನ ಕೆಲಸವನ್ನು ನೋಡುವುದೇ ಇಲ್ಲ.

ಈಗ ಪಟ್ಟಿಯ ವಿಷಯಕ್ಕೆ ಬರೋಣ, ಯಾಕೆಂದರೆ ಜಗಳದ ಬೇರು ಇರೋದು ಇಲ್ಲೇ.

ಒಹಾಯೋದಲ್ಲಿ ಫುಟ್‌ಬಾಲ್ ಆಡುವ ಹೈಸ್ಕೂಲ್‌ಗಳು ಸುಮಾರು 700. ಇವನ್ನು ಮಕ್ಕಳ ಸಂಖ್ಯೆ ನೋಡಿ 7 ಡಿವಿಷನ್ ಮಾಡಿದ್ದಾರೆ, ಒಂದೊಂದು ಡಿವಿಷನ್ನಿಗೆ 4 ರೀಜನ್, ಒಟ್ಟು 28. ಹತ್ತು ವಾರದ ಲೀಗ್ ಹಂತ. ಅದರ ಕೊನೆಗೆ ಪ್ರತಿ ರೀಜನ್ನಿಂದ ಇಂತಿಷ್ಟು ತಂಡ ಪ್ಲೇಆಫ್‌ಗೆ. ಯಾವ ತಂಡ ಅನ್ನೋದನ್ನು ಹೇಳೋದು ಕಂಪ್ಯೂಟರ್ ಪಾಯಿಂಟ್. ಇದನ್ನು ಹಾರ್ಬಿನ್ ಪಾಯಿಂಟ್ ಅಂತ ಕರೆಯುತ್ತಾರೆ, ಲೆಕ್ಕ ಕಟ್ಟಿಕೊಟ್ಟ ಜಾಕ್ ಹಾರ್ಬಿನ್ ಅವರ ಹೆಸರಲ್ಲಿ.

ಲೆಕ್ಕ ಹೀಗಿದೆ. ನೀವು ಒಂದು ತಂಡವನ್ನು ಸೋಲಿಸಿದರೆ ಪಾಯಿಂಟ್ ಬರುತ್ತದೆ, ಆ ಶಾಲೆ ಎಷ್ಟು ದೊಡ್ಡ ಡಿವಿಷನ್ನಿನದ್ದೋ ಅಷ್ಟು ಜಾಸ್ತಿ. ಇದು ಮೊದಲ ಹಂತ. ಎರಡನೇ ಹಂತವೇ ಮಜಾ. ನೀವು ಸೋಲಿಸಿದ ತಂಡ ಬೇರೆ ಯಾರನ್ನಾದರೂ ಸೋಲಿಸಿದರೆ, ಆ ಗೆಲುವಿನಿಂದಲೂ ನಿಮಗೆ ಪಾಯಿಂಟ್ ಬರುತ್ತದೆ. ಹಾಗಾಗಿ ಆಗಸ್ಟ್‌ನಲ್ಲಿ ನೀವು ಚಚ್ಚಿ ಹಾಕಿದ ತಂಡ ಅಕ್ಟೋಬರ್‌ನಲ್ಲಿ ಗೆಲ್ಲಲಿ ಅಂತ ನೀವೇ ಹರಕೆ ಹೊರಬೇಕು. ಸೋತರೆ ಮಾತ್ರ ಏನೂ ಇಲ್ಲ, ಸೊನ್ನೆ. ರಾಜ್ಯದ ಅತಿ ಬಲವಾದ ತಂಡದ ಎದುರು ಕೊನೇ ಸೆಕೆಂಡ್‌ನಲ್ಲಿ ಒಂದು ಪಾಯಿಂಟ್‌ನಿಂದ ಸೋತರೂ ಸೊನ್ನೆ, ತೀರಾ ಲಡ್ಡು ತಂಡದ ಎದುರು ಐವತ್ತರಿಂದ ಸೋತರೂ ಅದೇ ಸೊನ್ನೆ.

ಎಷ್ಟರಿಂದ ಗೆದ್ದಿರಿ ಅನ್ನೋದೂ ಲೆಕ್ಕಕ್ಕಿಲ್ಲ. ನಮ್ಮ ಐಪಿಎಲ್ ಇದಕ್ಕೆ ಪೂರ್ತಿ ಉಲ್ಟಾ ಅಲ್ವಾ? 2024ರ ಮೇ 18ರಂದು ಚಿನ್ನಸ್ವಾಮಿಯಲ್ಲಿ ಆರ್‌ಸಿಬಿಗೆ ಚೆನ್ನೈ ವಿರುದ್ಧ ಗೆದ್ದರೆ ಸಾಲದು, 18 ರನ್‌ನಿಂದ ಗೆಲ್ಲಬೇಕಿತ್ತು. 27ರಿಂದ ಗೆದ್ದು ರನ್ ರೇಟ್ ಮೇಲೆ ಒಳಗೆ ಬಂದಿತು. ಒಹಾಯೋದಲ್ಲಿ ಆ ರೀತಿಯ ಗಣಿತ ಇಲ್ಲ. ಮತ್ತು ಈ ಒಂದು ವಿಷಯದಲ್ಲಿ ನಾನು ಒಹಾಯೋದವರ ಪರ. ಆಡುವವರು ಹದಿನೈದು-ಹದಿನೇಳು ವರ್ಷದ ಹುಡುಗರು. ಅಂತರಕ್ಕೆ ಬೆಲೆ ಕೊಟ್ಟರೆ 40-0 ಆದ ಮೇಲೂ ಕೋಚ್ ತನ್ನ ಮೊದಲ ಹನ್ನೊಂದು ಜನರನ್ನು ಮೈದಾನದಿಂದ ತೆಗೆಯುವುದಿಲ್ಲ, ಎದುರಿನ ಸಣ್ಣ ಶಾಲೆಯ ಹುಡುಗರು ಪೆಟ್ಟು ತಿನ್ನುತ್ತಾ ನಿಲ್ಲಬೇಕು, ಬೆಂಚಿನ ಮೇಲಿರುವ ಒಂಬತ್ತನೇ ಕ್ಲಾಸಿನವನಿಗೆ ಆಡುವ ಅವಕಾಶವೇ ಸಿಗುವುದಿಲ್ಲ.

ಆದರೆ ಸೋಲಿಗೆ ಸೊನ್ನೆ ಅನ್ನೋದು ಸರಿಯಿಲ್ಲ. ಇಲ್ಲಿ ಮ್ಯಾಸಿಲನ್ ಕಥೆ ಮತ್ತೆ ಬರುತ್ತದೆ. ಹೆಚ್ಚಿನ ಶಾಲೆಗಳು ಒಂದು ಕಾನ್ಫರೆನ್ಸ್‌ನಲ್ಲಿರುತ್ತವೆ, ಅಂದರೆ ವರ್ಷವೂ ಆಡಬೇಕಾದ ಏಳೆಂಟು ಎದುರಾಳಿಗಳು ಯಾರು ಅಂತ ಮೊದಲೇ ನಿಗದಿ. ಮ್ಯಾಸಿಲನ್ ಯಾವ ಕಾನ್ಫರೆನ್ಸ್‌ನಲ್ಲೂ ಇಲ್ಲದೆ ದಶಕಗಳಿಂದ ಒಂಟಿಯಾಗಿ ಆಡುತ್ತಿದೆ. ಹತ್ತು ವಾರಕ್ಕೆ ಎದುರಾಳಿಗಳನ್ನು ಅದೇ ಹುಡುಕಿಕೊಳ್ಳಬೇಕು. ಸುತ್ತಮುತ್ತಲ ಶಾಲೆಗಳು ಯಾಕೆ ಬರುತ್ತವೆ ಹೇಳಿ, ಬಂದರೆ ಸೋಲು, ಸೋತರೆ ಸೊನ್ನೆ. ಹಾಗಾಗಿ ದೂರದ ದೊಡ್ಡ ತಂಡಗಳು, ಬೇರೆ ರಾಜ್ಯದ ತಂಡಗಳು, ಹೀಗೆ ಪಟ್ಟಿ ತುಂಬುತ್ತದೆ. ಬಲವಾದ ಎದುರಾಳಿಗಳು ಜಾಸ್ತಿ. ಒಂದು ಸೀಸನ್‌ನಲ್ಲಿ ಇಂಥವರ ಕೈಯಲ್ಲಿ ಎರಡು-ಮೂರು ಸೋತರೆ ಪಟ್ಟಿಯಲ್ಲಿ ಕೆಳಗೆ ಬೀಳುತ್ತದೆ, ಹೊರಗಿನವರು "ನೋಡಿ, ಮುಗೀತು ಇವರ ಕಥೆ" ಅನ್ನುತ್ತಾರೆ. ಅದೇ ಹೊತ್ತಿಗೆ ಹಗುರ ಕಾನ್ಫರೆನ್ಸ್‌ನಲ್ಲಿ ಒಂಬತ್ತು ಗೆದ್ದ ತಂಡ ಮೇಲೆ ಕೂತಿರುತ್ತದೆ. ನವೆಂಬರ್‌ನಲ್ಲಿ ಇವರಿಬ್ಬರೂ ಎದುರಾದರೆ ಏನಾಗುತ್ತದೆ ಅನ್ನೋದನ್ನು ಪಾಯಿಂಟ್ ಪಟ್ಟಿ ಹೇಳುವುದಿಲ್ಲ, ಹೇಳೋದಕ್ಕೆ ಅದನ್ನು ಕಟ್ಟಿಯೂ ಇಲ್ಲ.

ಹಾಗಂತ ಈ ಲೆಕ್ಕ ಕೆಟ್ಟದ್ದು ಅಂತ ಸುಮ್ನೆ ಬೈಯುವುದಕ್ಕೂ ಆಗುವುದಿಲ್ಲ. ಎರಡನೇ ಹಂತದ ಪಾಯಿಂಟ್ ಇರುವುದರಿಂದ ದುರ್ಬಲರನ್ನೇ ಆರಿಸಿ ಆರಿಸಿ ಆಡಿದರೆ ಮೇಲೆ ಬರುವುದು ಕಷ್ಟ. ನೀವು ಸೋಲಿಸಿದವರು ಬೇರೆಲ್ಲೂ ಗೆಲ್ಲದಿದ್ದರೆ ನಿಮಗೆ ಎರಡನೇ ಹಂತದಲ್ಲಿ ಏನೂ ಬರುವುದಿಲ್ಲ. ಜೊತೆಗೆ ಇದು ಎಲ್ಲರಿಗೂ ಕಾಣುವ ಲೆಕ್ಕ. ಪೆನ್ನು ಹಿಡಿದು ಕೂತರೆ ಅಡುಗೆಮನೆ ಟೇಬಲ್ ಮೇಲೆ ಯಾರು ಬೇಕಾದರೂ ಮಾಡಬಹುದು, ಮಾಡುತ್ತಲೂ ಇದ್ದಾರೆ. ಪೇಪರ್‌ನವರು ಯಾವ ಹೆಸರು ಕಂಡು ವೋಟು ಹಾಕಿದರು ಅನ್ನುವ ಅನುಮಾನ ಇಲ್ಲ. ತಮಾಷೆ ಏನೆಂದರೆ, 2020ರಲ್ಲಿ ಕೋವಿಡ್‌ನಿಂದ ಲೀಗ್ ಹಂತ ಅರ್ಧಕ್ಕೇ ಮೊಟಕಾದಾಗ ಹಾರ್ಬಿನ್ ಲೆಕ್ಕ ಬಿಟ್ಟು ಕೋಚ್‌ಗಳ ವೋಟಿನಿಂದ ಸೀಡ್, ಅಂದರೆ ಪ್ಲೇಆಫ್ ಪಟ್ಟಿಯ ಸ್ಥಾನ, ಕೊಟ್ಟರು. ಐವತ್ತು ವರ್ಷದ ಹಿಂದೆ ಓಡಿಸಿದ ವೋಟು ಒಂದು ವರ್ಷದ ಮಟ್ಟಿಗೆ ಹಿತ್ತಲ ಬಾಗಿಲಿನಿಂದ ಬಂದು ಹೋಯಿತು.

ಎಷ್ಟು ತಂಡಕ್ಕೆ ಬಾಗಿಲು ತೆರೆಯಬೇಕು ಅನ್ನೋದು ಮುಂದಿನ ಗಲಾಟೆ. 1972ರಲ್ಲಿ ಇಡೀ ರಾಜ್ಯದಿಂದ ಪ್ಲೇಆಫ್ ಆಡಿದ್ದು ಬರೀ 12 ತಂಡ. 1999ರ ಹೊತ್ತಿಗೆ ಪ್ರತಿ ರೀಜನ್ನಿಂದ 8. 2021ರಲ್ಲಿ ಒಮ್ಮೆಲೇ 16ಕ್ಕೆ ಏರಿಸಿದರು. 28 ರೀಜನ್‌ಗೆ 448 ತಂಡ, ಅಂದರೆ ಆಡುವ ಮೂರರಲ್ಲಿ ಎರಡು ಶಾಲೆ ಒಳಗೆ. ಅತಿ ದೊಡ್ಡ ಶಾಲೆಗಳ ಡಿವಿಷನ್ 1ರಲ್ಲಂತೂ ರೀಜನ್‌ಗೆ ಇರೋದೇ 18ರ ಆಸುಪಾಸು, ಅದರಲ್ಲಿ 16 ಪಾಸ್! ನಮ್ಮಲ್ಲಿ ಗ್ರೇಸ್ ಮಾರ್ಕ್ಸ್ ಕೊಟ್ಟು ದಾಟಿಸುವ ಹಾಗೆ. ಗೆದ್ದಿದ್ದಕ್ಕಿಂತ ಸೋತಿದ್ದೇ ಜಾಸ್ತಿ ಇರುವ ತಂಡಗಳು ಒಳಗೆ ಬಂದು, ಮೊದಲ ಸುತ್ತಿನಲ್ಲಿ ಅಗ್ರ ಸೀಡ್ ಎದುರು ಅರ್ಧ ಆಟಕ್ಕೇ ಮುಗಿದುಹೋಗುತ್ತಿದ್ದವು. ಪರ ಇದ್ದವರ ಮಾತಲ್ಲೂ ಅರ್ಥವಿತ್ತು: ಎಂದೂ ಪ್ಲೇಆಫ್ ಕಾಣದ ಶಾಲೆಗೆ ಅಂಥ ಒಂದು ರಾತ್ರಿ ಸಿಕ್ಕಿದರೆ ಆ ಹುಡುಗರು ಜೀವನಪೂರ್ತಿ ನೆನೆಸಿಕೊಳ್ಳುತ್ತಾರೆ, ಮತ್ತು ಎರಡು ಸೋಲು ಕಂಡ ತಕ್ಷಣ ಸೀಸನ್ ಮುಗೀತು ಅಂತ ಯಾರೂ ಕೈಚೆಲ್ಲುವುದಿಲ್ಲ.

2025ಕ್ಕೆ ಒಹಾಯೋ ಹೈಸ್ಕೂಲ್ ಅಥ್ಲೆಟಿಕ್ ಅಸೋಸಿಯೇಷನ್ ಇದನ್ನು 12ಕ್ಕೆ ಇಳಿಸಿತು. ಒಟ್ಟು 336 ತಂಡ, ಮತ್ತು ಪ್ರತಿ ರೀಜನ್ನಿನ ಮೊದಲ ನಾಲ್ಕು ತಂಡಕ್ಕೆ ಮೊದಲ ಸುತ್ತಿನಲ್ಲಿ ಬೈ. ಅಂದರೆ ಆ ವಾರ ಆಟವಿಲ್ಲ, ವಿಶ್ರಾಂತಿ.

ಮೇಲ್ನೋಟಕ್ಕೆ ಸಣ್ಣ ಬದಲಾವಣೆ. ಆದರೆ ಪಟ್ಟಿಯ ಸ್ವಭಾವವೇ ಇದರಿಂದ ಬದಲಾಗುತ್ತದೆ. 16 ಇದ್ದಾಗ ಒಂದು ಒಳ್ಳೆಯ ತಂಡ ಮೂರನೆಯದಾದರೂ ಆರನೆಯದಾದರೂ ದೊಡ್ಡ ವ್ಯತ್ಯಾಸವಿರಲಿಲ್ಲ, ಎರಡಕ್ಕೂ ಮೊದಲ ಸುತ್ತಿನಲ್ಲಿ ಸ್ವಂತ ಊರಲ್ಲಿ ಸುಲಭದ ಪಂದ್ಯ. ಈಗ ನಾಲ್ಕು ಮತ್ತು ಐದರ ನಡುವೆ ಒಂದು ಗೋಡೆ ಎದ್ದಿದೆ. ಮೈಗೆ ಮೈ ಗುದ್ದುವ ಈ ಆಟದಲ್ಲಿ ಹತ್ತು ವಾರ ಪೆಟ್ಟು ತಿಂದ ಹುಡುಗರಿಗೆ ಒಂದು ವಾರ ಬಿಡುವು ಅಂದರೆ ಸಣ್ಣ ವಿಷಯವಲ್ಲ. ಉಳುಕಿದ ಕಾಲು ಸರಿಹೋಗುವುದಕ್ಕೆ ಬೇಕಾಗಿರೋದು ಅಷ್ಟೇ ಸಮಯ. ಈ ಗೋಡೆಯ ಯಾವ ಕಡೆ ನಿಲ್ಲುತ್ತೀರಿ ಅನ್ನೋದನ್ನು ತೀರ್ಮಾನಿಸುವುದು ಸೋಲಿಗೆ ಸೊನ್ನೆ ಕೊಡುವ ಅದೇ ಹಳೆಯ ಲೆಕ್ಕ. ಹಾಗಾದರೆ ಒಬ್ಬ ಬುದ್ಧಿವಂತ ಅಥ್ಲೆಟಿಕ್ ಡೈರೆಕ್ಟರ್, ಅಂದರೆ ಶಾಲೆಯ ಕ್ರೀಡಾ ವಿಭಾಗದ ಮುಖ್ಯಸ್ಥರು, ಏನು ಮಾಡುತ್ತಾರೆ? ಸಿನ್ಸಿನಾಟಿಯ ಬಲಾಢ್ಯ ತಂಡದ ಜೊತೆ ಇಟ್ಟುಕೊಂಡಿದ್ದ ಪಂದ್ಯವನ್ನು ಮೆಲ್ಲಗೆ ಕೈಬಿಟ್ಟು, ಗೆಲ್ಲಬಹುದಾದ ಆದರೆ ಬೇರೆಯವರನ್ನು ಸೋಲಿಸುವಷ್ಟು ತಾಕತ್ತಿರುವ ಮಧ್ಯಮ ತಂಡವನ್ನು ಹುಡುಕುತ್ತಾರೆ. ಇದರಲ್ಲಿ ಮೋಸ ಏನೂ ಇಲ್ಲ, ಲೆಕ್ಕ ಕೇಳುವುದೇ ಅದನ್ನು. ನಷ್ಟ ಆಗೋದು ನೋಡುವವರಿಗೆ, ಮತ್ತು ಮ್ಯಾಸಿಲನ್ ತರಹ ದೊಡ್ಡವರ ಜೊತೆ ಆಡುವುದನ್ನೇ ಹೆಮ್ಮೆ ಅಂದುಕೊಂಡ ಶಾಲೆಗೆ. ಸೋಲಿಗೂ ಎದುರಾಳಿಯ ಬಲ ನೋಡಿ ಚೂರು ಪಾಯಿಂಟ್ ಕೊಟ್ಟಿದ್ದರೆ ಅರ್ಧ ಜಗಳ ಇಲ್ಲಿಗೇ ಮುಗಿಯುತ್ತಿತ್ತು ಅನ್ನೋದು ನನ್ನ ಅನಿಸಿಕೆ. ತಂಡ ಕಡಿಮೆ ಮಾಡಿದ್ದು ಸರಿ, ಲೆಕ್ಕವನ್ನು ಹಾಗೇ ಬಿಟ್ಟಿದ್ದು ತಪ್ಪು.

ಖಾಸಗಿ ಶಾಲೆಗಳ ವಿಷಯ ಹೇಳದೆ ಬಿಟ್ಟರೆ ಒಹಾಯೋದವರು ನನ್ನನ್ನು ಬಿಡುವುದಿಲ್ಲ. ಮ್ಯಾಸಿಲನ್ ಸರ್ಕಾರಿ ಶಾಲೆ. ಅದು ಸೋತ ಆರು ಫೈನಲ್‌ಗಳನ್ನು ಸಾಲಾಗಿ ಇಟ್ಟು ನೋಡಿ: 1980 ಮತ್ತು 1982ರಲ್ಲಿ ಮೋಲರ್, 2005ರಲ್ಲಿ ಸೇಂಟ್ ಝೇವಿಯರ್, 2018ರಲ್ಲಿ ಹೋಬನ್, 2019ರಲ್ಲಿ ಲಾ ಸಾಲ್, 2020ರಲ್ಲಿ ಮತ್ತೆ ಹೋಬನ್. ಆರೂ ಕ್ಯಾಥೊಲಿಕ್ ಶಾಲೆಗಳು. ಇಡೀ ನಗರದಿಂದ, ಸುತ್ತಲ ಜಿಲ್ಲೆಗಳಿಂದ ಹುಡುಗರನ್ನು ಸೇರಿಸಿಕೊಳ್ಳುವ ಶಾಲೆಯ ಜೊತೆ, ತನ್ನ ವ್ಯಾಪ್ತಿಯ ಮಕ್ಕಳನ್ನೇ ನಂಬಿದ ಶಾಲೆ ಸ್ಪರ್ಧೆ ಮಾಡೋದು ಹೇಗೆ ಅನ್ನೋದು ಹಳೆಯ ದೂರು. ಅದಕ್ಕಾಗಿಯೇ 2017ರಿಂದ 'ಕಾಂಪಿಟಿಟಿವ್ ಬ್ಯಾಲೆನ್ಸ್' ಅಂತ ಒಂದು ನಿಯಮ ತಂದರು; ಹೊರಗಿನಿಂದ ಬಂದ ಆಟಗಾರರು ಜಾಸ್ತಿ ಇದ್ದರೆ ಶಾಲೆಯ ವಿದ್ಯಾರ್ಥಿ ಸಂಖ್ಯೆಗೆ ಅಷ್ಟು ಸೇರಿಸಿ, ಬೇಕಿದ್ದರೆ ಮೇಲಿನ ಡಿವಿಷನ್ನಿಗೆ ತಳ್ಳುತ್ತಾರೆ. ಹೋಬನ್ 2015, 2016ರಲ್ಲಿ ಡಿವಿಷನ್ 3ರಲ್ಲಿ ಗೆದ್ದು, 2017, 2018ರಲ್ಲಿ ಡಿವಿಷನ್ 2ರಲ್ಲೂ ಗೆದ್ದಿತು. ಮೇಲಕ್ಕೆ ತಳ್ಳಿದರೂ ಕಪ್ ಬಿಡಲಿಲ್ಲ. ಆದರೆ ಮ್ಯಾಸಿಲನ್‌ನವರು ಬಡಪಾಯಿಗಳು ಅಂತ ನಾನು ಹೇಳಲಾರೆ. ಒಹಾಯೋದಲ್ಲಿ ಸರ್ಕಾರಿ ಶಾಲೆಗಳೂ ಬೇರೆ ವ್ಯಾಪ್ತಿಯ ಮಕ್ಕಳನ್ನು ಸೇರಿಸಿಕೊಳ್ಳಬಹುದು, ಮತ್ತು ಪೂರ್ತಿ ಅಳತೆಯ ಒಳಾಂಗಣ ಮೈದಾನ ಇರುವ, ಪಂದ್ಯಕ್ಕೆ ಸಾವಿರಗಟ್ಟಲೆ ಜನ ಬರುವ ಶಾಲೆಗೆ ಮಗನನ್ನು ಸೇರಿಸಬೇಕು ಅಂತ ಅಪ್ಪ-ಅಮ್ಮಂದಿರಿಗೆ ಅನ್ನಿಸುವುದರಲ್ಲಿ ಆಶ್ಚರ್ಯವೇನಿಲ್ಲ. ಇವರಿಂದ ಸೋತ ಸಣ್ಣ ಸರ್ಕಾರಿ ಶಾಲೆಗಳು ಇವರ ಮೇಲೂ ಅದೇ ದೂರನ್ನು ಹೇಳಬಹುದು.

ಇಷ್ಟೆಲ್ಲದರ ನಡುವೆ ವರ್ಷದ ಹತ್ತನೇ ವಾರ ಬರುತ್ತದೆ. ಮ್ಯಾಸಿಲನ್–ಮೆಕಿನ್ಲಿ ಪಂದ್ಯ, ಸಾಮಾನ್ಯವಾಗಿ ಶನಿವಾರ ಮಧ್ಯಾಹ್ನ. ಎರಡೂ ಊರಿನವರು ಒಬ್ಬರನ್ನೊಬ್ಬರು ಹೇಗೆ ಕಾಣುತ್ತಾರೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಹಾರ್ಬಿನ್ ಲೆಕ್ಕದ ಕಿತಾಪತಿ ನೋಡಿ: ಕೊನೆಯ ವಾರ ಮೆಕಿನ್ಲಿಯನ್ನು ಸೋಲಿಸಿದರೆ, ಆ ಸೀಸನ್‌ನಲ್ಲಿ ಮೆಕಿನ್ಲಿ ಅಲ್ಲಿಯವರೆಗೆ ಗೆದ್ದ ಪ್ರತಿಯೊಂದು ಪಂದ್ಯವೂ ಮ್ಯಾಸಿಲನ್ ಖಾತೆಗೆ ಎರಡನೇ ಹಂತದ ಪಾಯಿಂಟ್ ಆಗಿ ಬಂದು ಬೀಳುತ್ತದೆ. ಆ ಪಾಯಿಂಟ್‌ನಿಂದಲೇ ಐದನೇ ಜಾಗ ನಾಲ್ಕಾಗಬಹುದು, ಒಂದು ವಾರದ ಬಿಡುವು ಸಿಗಬಹುದು. ಹಾಗಾಗಿ ಸೆಪ್ಟೆಂಬರ್‌ನ ಶುಕ್ರವಾರ ರಾತ್ರಿ ತಮ್ಮ ತಂಡದ ಪಂದ್ಯ ಮುಗಿಸಿ ಪಾರ್ಕಿಂಗ್‌ನಲ್ಲಿ ನಿಂತ ಮ್ಯಾಸಿಲನ್ ಅಭಿಮಾನಿ ಫೋನ್ ತೆಗೆದು ಮೊದಲು ನೋಡಬೇಕಾದ ಸ್ಕೋರ್ ಮೆಕಿನ್ಲಿಯದ್ದು. ಅವರು ಗೆದ್ದಿದ್ದರೆ ಒಳಗೊಳಗೇ ಖುಷಿಪಡಬೇಕು, ಪಕ್ಕದಲ್ಲಿರುವವರಿಗೆ ಕಾಣದ ಹಾಗೆ.